ಲದ್ದಿ ಎಳೆಯೋ ಮಷೀನ್ ಗೊರಗೊರ ಅಂತಿದ್ರೆ ಮೊದ್ಲೇ ಬೇರಿಂಗ್ ತರಿಸ್ಬೇಡಿ

ನಮ್ಮೂರು ಕುಣಿಗಲ್ ಹತ್ರ, ಹಾಗಾಗಿ ಕುದುರೆ ಫಾರಂ ಅಂದ್ರೇನು ಲದ್ದಿ ಅಂದ್ರೇನು ಅನ್ನೋದು ಚಿಕ್ಕೋನಿದ್ದಾಗಿಂದ ಗೊತ್ತು, ಆದ್ರೆ ಲದ್ದಿನ ಪೈಪಲ್ಲಿ ಎಳ್ಕೊಳ್ಳೋ ಮಷೀನ್ ಅಂತ ಒಂದು ಇರುತ್ತೆ ಅಂತ ಗೊತ್ತಾಗಿದ್ದು ಇಂಗ್ಲೆಂಡಿಗೆ ಬಂದ್ಮೇಲೆ. ಈಗ ಇರೋದು ಲ್ಯಾಂಬೋರ್ನ್ ಕಡೆ, ಬರ್ಕ್‌ಶೈರ್‌ನಲ್ಲಿ, ಬೆಳಗಾಗೆದ್ರೆ ರೇಸ್ ಕುದುರೆಗಳು ಸಾಲಾಗಿ ಹೋಗೋ ಊರು. ಮಗಳಿಗೊಂದು ಪೋನಿ ಇದೆ, ಅದನ್ನ ಒಂದು ಯಾರ್ಡಲ್ಲಿ, ಅಂದ್ರೆ ಕುದುರೆ ಲಾಯದಲ್ಲಿ, ಬಾಡಿಗೆಗೆ ಕಟ್ಟಿದೀವಿ, ಬಾಡಿಗೆ ಸ್ವಲ್ಪ ಕಮ್ಮಿ ಆಗ್ಲಿ ಅಂತ ಅಲ್ಲಿನ ಮಷೀನುಗಳನ್ನ ನೋಡ್ಕೊಳ್ಳೋ ಕೆಲಸ ನಾನು ಒಪ್ಕೊಂಡೆ, ಅಲ್ಲಿಂದ ಶುರುವಾಯ್ತು ನೋಡಿ.

ಆರು ಕುದುರೆ ಇದಾವೆ. ಒಂದು ಕುದುರೆ ದಿನಕ್ಕೆ ಹೆಚ್ಚೂಕಮ್ಮಿ 20 ಕೆಜಿ ಲದ್ದಿ ಹಾಕುತ್ತೆ, ಬೇಸಿಗೇಲಿ ಹಗಲೂ ರಾತ್ರಿ ಹೊರಗೇ ಬಿಡ್ತೀವಿ, ಅಂದ್ರೆ ವಾರಕ್ಕೆ 800 ಕೆಜಿ ಮೇಲೇನೇ ಆಯ್ತು. ಹಾಗೇ ಬಿಟ್ರೆ ಅದರಲ್ಲಿರೋ ಹುಳದ ಮೊಟ್ಟೆ ಒಡೆದು ಮರಿ ಹುಲ್ಲಿಗೆ ಹತ್ತುತ್ತೆ, ಕುದುರೆ ಆ ಹುಲ್ಲನ್ನ ಮೇಯುತ್ತೆ, ಮತ್ತೆ ಹೊಟ್ಟೆಗೆ ಹುಳ. ಅದಕ್ಕೇ ವಾರಕ್ಕೆರಡು ಸಲ ಎತ್ತಲೇಬೇಕು ಅಂತಾರೆ ಇಲ್ಲಿ. ಕೈಗಾಡಿ ತಗೊಂಡು ಕವೆಗೋಲಲ್ಲಿ ಎತ್ತಬೋದು, ಸೊಂಟ ಹೋಗುತ್ತೆ ಅಷ್ಟೇ. ಹಾಗಾಗಿ ಮಷೀನು.

ನಮ್ಮದು ಹೆಂಗಿದೆ ಅಂದ್ರೆ ಒಂದು ಟ್ರೇಲರ್, ಅದರ ಮೇಲೆ ತಗಡಿನ ಡಬ್ಬ, ಮುಂದ್ಗಡೆ ಒಂದು ಸಿಲಿಂಡರಿನ ಪೆಟ್ರೋಲ್ ಇಂಜಿನ್, ಅದರಿಂದ ಎರಡು ವಿ ಬೆಲ್ಟ್, ಬೆಲ್ಟ್ ತಿರುಗಿಸೋದು ಒಂದು ದೊಡ್ಡ ಫ್ಯಾನ್, ಆರು ಬ್ಲೇಡು, ಆ ಫ್ಯಾನಿನ ಬಾಯಿಗೆ ಆನೆ ಸೊಂಡಲಷ್ಟು ದಪ್ಪ ಪೈಪು. ಲದ್ದಿ ಪೈಪಲ್ಲಿ ಬಂದು ಫ್ಯಾನ್ ಒಳಗೇ ಹಾದು ಪುಡಿ ಆಗಿ ಡಬ್ಬಕ್ಕೆ ಬೀಳುತ್ತೆ. ಫ್ಯಾನ್ ಒಳಗೇ ಹಾದು ಅನ್ನೋದನ್ನ ನೆನಪಲ್ಲಿಟ್ಕೊಳ್ಳಿ, ಮನೆಯ ವ್ಯಾಕ್ಯೂಮ್ ಕ್ಲೀನರಲ್ಲಿ ಕಸ ಫ್ಯಾನಿಗೆ ಹೋಗೋಕೆ ಮುಂಚೆನೇ ಫಿಲ್ಟರಲ್ಲಿ ನಿಂತುಬಿಡುತ್ತೆ, ಇದ್ರಲ್ಲಿ ಹಂಗಲ್ಲ, ಇಡೀ ರಾಮಾಯಣ ಇರೋದೇ ಅಲ್ಲಿ.

ಈ ಮಷೀನು ಹೊಸದಿದ್ದಾಗ್ಲೂ ಸದ್ದೇ. ಸದ್ದು ಜಾಸ್ತಿ ಅನ್ನೋದು ದೋಷ ಅಲ್ಲ, ಸದ್ದು ಬದಲಾಗಿದೆ ಅನ್ನೋದು ದೋಷ. ಯಾರ್ಡಿನ ಯಜಮಾನಿ ನಂಗೆ ಫೋನ್ ಮಾಡಿ ತುಂಬಾ ಸೌಂಡ್ ಬರ್ತಿದೆ ಅಂದಾಗ ನಾನು ಕೇಳೋದು ಎಷ್ಟು ಅಂತ ಅಲ್ಲ, ಯಾವಾಗಿಂದ, ಅದಕ್ಕೆ ಮುಂಚೆ ಏನಾಯ್ತು ಅಂತ. ಕಲ್ಲು ಎಳ್ಕೊಂಡ್ತಾ, ಒದ್ದೆ ಲದ್ದಿ ಎತ್ತಿ ಹಂಗೇ ನಿಲ್ಸಿದ್ರಾ, ಯಾರಾದ್ರೂ ಬೆಲ್ಟ್ ಬಿಗಿ ಮಾಡಿದ್ರಾ, ಚಳಿಗಾಲ ಪೂರ್ತಿ ಪೆಟ್ರೋಲ್ ಒಳಗೇ ಇತ್ತಾ. ಅರ್ಧ ಉತ್ತರ ಅಲ್ಲೇ ಸಿಕ್ಕಿಬಿಡುತ್ತೆ.

ನಾನು ಮಾಡಿದ ತಪ್ಪು

ಹೋದ ಅಕ್ಟೋಬರಲ್ಲಿ ಗೊರಗೊರ ಅನ್ನೋಕೆ ಶುರುವಾಯ್ತು. ನಮ್ಮ ಕಡೆ ಹಳೇ ಗ್ರೈಂಡರು ಅಕ್ಕಿ ಇಲ್ದೆ ಬರೀ ಕಲ್ಲು ತಿರುಗಿದ್ರೆ ಬರುತ್ತಲ್ಲ, ಅದೇ ಸದ್ದು. ಸ್ಕ್ರೂಡ್ರೈವರ್ ತುದಿನ ಬೇರಿಂಗ್ ಮನೆ (ಬೇರಿಂಗ್ ಕೂರೋ ಗೂಡು) ಮೇಲಿಟ್ಟು ಹಿಡಿಕೆನ ಕಿವಿ ಹಿಂದಿನ ಮೂಳೆಗೆ ಒತ್ತಿ ಕೇಳ್ದೆ, ಬೇರಿಂಗೇ, ಡೌಟೇ ಇಲ್ಲ. 6205 ಬೇರಿಂಗ್ ಎರಡು, ಒಳಗೆ 25 ಎಂಎಂ ಹೊರಗೆ 52 ಎಂಎಂ, ಎಲ್ಲಾ ಕಡೆ ಸಿಗುತ್ತೆ, ತರಿಸಿ ಒಂದು ಶನಿವಾರ ಇಡೀ ಕೂತು ಹಾಕ್ದೆ. ರೇಷ್ಮೆ ತರ ಓಡ್ತು. ಎರಡೇ ವಾರ. ಮತ್ತೆ ಗೊರಗೊರ. ಡೂಪ್ಲಿಕೇಟ್ ಬೇರಿಂಗ್ ಇರ್ಬೇಕು ಅಂದ್ಕೊಂಡು ದುಬಾರಿದು ತಂದು ಹಾಕ್ದೆ, ಅದು ಒಂದು ತಿಂಗ್ಳು ಬಂತು.

ಮೂರನೇ ಸಲ ಆರ್ಡರ್ ಮಾಡೋಕೆ ಮುಂಚೆ ಅದರ ಸದ್ದನ್ನ ರೆಕಾರ್ಡ್ ಮಾಡಿ ಊರಲ್ಲಿರೋ ನಮ್ಮ ಮಾವನಿಗೆ ವಾಟ್ಸಾಪಲ್ಲಿ ಕಳಿಸ್ದೆ. ಮಾವ ಮೂವತ್ತು ವರ್ಷ ರೈಸ್ ಮಿಲ್ಲಲ್ಲಿ ಮೆಕ್ಯಾನಿಕ್, ಹೊಟ್ಟು ಊದೋ ಬ್ಲೋವರ್ ಎಷ್ಟು ಬಿಚ್ಚಿದಾನೋ ಲೆಕ್ಕ ಇಲ್ಲ. ಹತ್ತು ನಿಮಿಷಕ್ಕೆ ವಾಪಸ್ ಫೋನ್ ಬಂತು.

"ಏನ್ಲಾ, ಎರಡು ಸಲ ಬೇರಿಂಗ್ ಹಾಕ್ದೆ ಅಂತೀಯಾ?"

"ಹೂಂ ಮಾವ."

"ಬೇರಿಂಗ್ ಅದರಷ್ಟಕ್ಕೆ ಅದು ಸಾಯಕಿಲ್ಲ ಕಣ್ಲಾ, ಯಾವ್ದೋ ಅದನ್ನ ಕೊಲ್ತಾ ಐತೆ. ಫ್ಯಾನ್ ಹಿಂದ್ಗಡೆ ಕೈ ಹಾಕಿ ನೋಡಿದ್ಯಾ?"

"ಮುಂದ್ಗಡೆಯಿಂದ ಟಾರ್ಚ್ ಬಿಟ್ಟು ನೋಡ್ದೆ ಮಾವ, ಕ್ಲೀನಾಗಿತ್ತು."

"ಮುಂದ್ಗಡೆ ಗಾಳಿ ಉಜ್ಜತದೆ, ಕ್ಲೀನಾಗೇ ಇರ್ತದೆ. ಹಿಂದ್ಗಡೆ ನೋಡು ಅಂದೆ."

ಬಿಚ್ಚಿ ನೋಡ್ದೆ. ಫ್ಯಾನಿನ ಬ್ಲೇಡುಗಳು ಒಂದು ದುಂಡು ತಟ್ಟೆಗೆ ವೆಲ್ಡ್ ಆಗಿರ್ತಾವೆ, ಆ ತಟ್ಟೆಯ ಬೆನ್ನಿಗೂ ಹಿಂದಿನ ಕವರಿಗೂ ಮಧ್ಯೆ ಒಂದು ಬೆರಳಷ್ಟು ಜಾಗ. ಅಲ್ಲಿ ಒದ್ದೆ ಲದ್ದಿ ನುಗ್ಗಿ ತಟ್ಟೆ ಬೆನ್ನಿಗೆ ಅಂಟ್ಕೊಂಡು ಒಣಗಿ ರಾಗಿ ರೊಟ್ಟಿ ತರ ಆಗಿತ್ತು, ಅದೂ ಒಂದೇ ಕಡೆ ದಪ್ಪ, ಇನ್ನೊಂದು ಕಡೆ ತೆಳು. ಮನೆಯಿಂದ ಹಳೇ ದೋಸೆ ಮಗುಚೋ ಕೈ ತಂದು ಕೆರೆದೆ (ಹೆಂಡ್ತಿಗೆ ಇನ್ನೂ ಗೊತ್ತಿಲ್ಲ), ಕೆರೆದಿದ್ದನ್ನ ಕವರಲ್ಲಿ ಹಾಕಿ ತೂಗಿದ್ರೆ 210 ಗ್ರಾಂ. ಎರಡು ಕಡೆದೂ ಒಂದಕ್ಕೊಂದು ಹೊಡೆದು ಒಂದು ಕಡೆಗೆ ಬರೀ 50 ಗ್ರಾಂ ಜಾಸ್ತಿ ಉಳೀತು ಅಂತಿಟ್ಕೊಳ್ಳಿ, ಅದು ಮಧ್ಯದಿಂದ 20 ಸೆಂಟಿಮೀಟರ್ ದೂರದಲ್ಲಿ, ಫ್ಯಾನ್ ನಿಮಿಷಕ್ಕೆ 3000 ಸುತ್ತು. ಲೆಕ್ಕ ಹಾಕಿದ್ರೆ ಶಾಫ್ಟನ್ನ ಪಕ್ಕಕ್ಕೆ ಎಳೆಯೋ ಬಲ ಹತ್ರ ಹತ್ರ 1000 ನ್ಯೂಟನ್, ಅಂದ್ರೆ 100 ಕೆಜಿ ಮೂಟೆ ನೇತಾಕಿದಂಗೆ, ಅದೂ ಸುಮ್ನೆ ನೇತಾಡೋದಲ್ಲ, ಸೆಕೆಂಡಿಗೆ 50 ಸಲ ಸುತ್ತ ಸುತ್ತ ಎಳೆಯೋದು. ಒಂದು ಲೋಟ ಲದ್ದಿಯಿಂದ. ಯಾವ ಬೇರಿಂಗ್ ತಾನೇ ಉಳಿಯುತ್ತೆ ಹೇಳಿ.

ಸದ್ದು ಬೇರಿಂಗಿಂದ ಬಂದಿದ್ದು ನಿಜ, ನನ್ನ ಕಿವಿ ಸುಳ್ಳು ಹೇಳಿಲ್ಲ. ಬೇರಿಂಗ್ ಬರೀ ಕೂಗ್ತಾ ಇತ್ತು, ಯಾಕೆ ಕೂಗ್ತಾ ಇದೆ ಅಂತ ನಾನು ಕೇಳಿಲ್ಲ ಅಷ್ಟೇ.

ಮುಟ್ಟೋಕೆ ಮುಂಚೆ

ಇಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ ಕ್ಯಾಪ್ ಎಳೆದು ದೂರ ಇಡಿ. ಫ್ಯಾನ್ ಭಾರದ್ದು, ಇಂಜಿನ್ ನಿಂತ್ಮೇಲೂ ಸುಮಾರು ಹೊತ್ತು ತಿರುಗ್ತಾನೇ ಇರುತ್ತೆ, ಸದ್ದು ನಿಂತಿದೆ ಅಂತ ಪೈಪ್ ಬಿಚ್ಚಿ ಕೈ ಹಾಕ್ಬೇಡಿ, ಕಣ್ಣಿಂದ ನೋಡಿ ನಿಂತಿದೆ ಅಂತ ಖಾತ್ರಿ ಮಾಡ್ಕೊಳ್ಳಿ. ನಿಮ್ಮದು ಟ್ರ್ಯಾಕ್ಟರ್ ಪಿಟಿಓದಲ್ಲಿ (ಟ್ರ್ಯಾಕ್ಟರ್ ಇಂಜಿನ್ ತಿರುಗಿಸೋ ಹಿಂದಿನ ಶಾಫ್ಟು) ಓಡೋದಾದ್ರೆ ಟ್ರ್ಯಾಕ್ಟರ್ ಕೀನೇ ಜೇಬಲ್ಲಿ ಇಟ್ಕೊಳ್ಳಿ. ಓಡಿಸಿ ಕೇಳೋವಾಗ ಕಿವಿಗೆ ಮಫ್ ಹಾಕ್ಕೊಳ್ಳಿ, ಮಫ್ ಹಾಕಿದ್ರೆ ಸದ್ದಿನ ವ್ಯತ್ಯಾಸ ಗೊತ್ತಾಗಲ್ಲ ಅಂತ ನಾನೂ ಅಂದ್ಕೊಂಡಿದ್ದೆ, ಅದೇ ವಾಸಿ ಆಗುತ್ತೆ, ಸ್ಕ್ರೂಡ್ರೈವರ್ ಹಿಡಿದಾಗ ಮಾತ್ರ ಒಂದು ಕಿವಿದು ಸರಿಸಿದ್ರಾಯ್ತು. ಶರ್ಟ್ ತೋಳು, ಜಾಕೆಟ್ ದಾರ, ಬೆಲ್ಟ್ ಹತ್ರ ಹುಷಾರು.

ಸದ್ದು ಯಾವುದರ ಜೊತೆ ಓಡುತ್ತೆ

ಇದೇ ಮೇನ್ ವಿಷ್ಯ, ಉಳಿದಿದ್ದೆಲ್ಲ ಆಮೇಲೆ. ಈ ಮಷೀನಲ್ಲಿ ಓಡೋವು ಮೂರು, ಇಂಜಿನ್, ಫ್ಯಾನ್, ಚಕ್ರ. ಒಂದೊಂದನ್ನೇ ಬೇರೆ ಮಾಡಿ ಓಡಿಸ್ಬೇಕು.

ಇಂಜಿನ್ ಆಫ್ ಮಾಡಿ ಬರೀ ಎಳ್ಕೊಂಡು ಹೋಗಿ, ಕ್ವಾಡ್ ಬೈಕಲ್ಲೋ ಸಣ್ಣ ಟ್ರ್ಯಾಕ್ಟರಲ್ಲೋ. ಸದ್ದು ಆಗ್ಲೂ ಇದ್ರೆ ಚಕ್ರದ ಬೇರಿಂಗು, ಕೊಂಡಿ, ಹಿಂದಿನ ಬಾಗಿಲು, ಇಂಥವು. ಅರ್ಧ ಕಂಪ್ಲೇಂಟು ಇಲ್ಲೇ ಮುಗಿಯುತ್ತೆ, ಡಬ್ಬದ ಬಾಗಿಲಿನ ಚಿಲಕ ಸವೆದು ಧಡಧಡ ಅಂತಿರುತ್ತೆ, ಜನ ಇಂಜಿನ್ನೇ ಹೋಯ್ತು ಅಂತ ಗಾಬರಿ ಆಗಿರ್ತಾರೆ.

ಎಳೆದಾಗ ಸದ್ದಿಲ್ಲ ಅಂದ್ರೆ ಬೆಲ್ಟ್ ಬಿಚ್ಚಿ ಇಂಜಿನ್ ಒಂದೇ ಓಡಿಸಿ. ಸದ್ದು ಹೋಯ್ತಾ, ಫ್ಯಾನ್ ಕಡೆದು. ಸದ್ದು ಹಂಗೇ ಇದೆಯಾ, ಇಂಜಿನ್ ಕಡೆದು. ಎರಡು ಪುಲ್ಲಿನೂ ಒಂದೇ ಸೈಜಿದ್ರೆ ಇಂಜಿನ್ ಫ್ಯಾನ್ ಎರಡೂ ಒಂದೇ ಸ್ಪೀಡಲ್ಲಿ ತಿರುಗ್ತಾವೆ, ಆಗ ಕಿವಿಯಿಂದ ಮಾತ್ರ ಬೇರೆ ಮಾಡೋಕೆ ಆಗೋದೇ ಇಲ್ಲ, ಮೊಬೈಲಲ್ಲಿ ಫ್ರೀಕ್ವೆನ್ಸಿ ತೋರಿಸೋ ಆಪ್ ಹಾಕ್ಕೊಂಡ್ರೂ 50 ಹರ್ಟ್ಸ್ ಹತ್ರ ಗೆರೆ ಎದ್ದಿದ್ದು ಯಾರದ್ದು ಅಂತ ಹೇಳಲ್ಲ. ಬೆಲ್ಟ್ ಬಿಚ್ಚೋಕೆ ಹದಿನೈದು ನಿಮಿಷ, ಬಿಚ್ಚಿಬಿಡಿ. ಆ ಆಪಲ್ಲಿ ಒಂದು ಉಪಯೋಗ ಇದೆ, ಆರು ಬ್ಲೇಡಿನ ಫ್ಯಾನ್ 3000 ಸುತ್ತಲ್ಲಿ 300 ಹರ್ಟ್ಸ್‌ಗೆ ಒಂದು ಗೆರೆ ಎಬ್ಬಿಸುತ್ತೆ, ಅದು ಬ್ಲೇಡು ಗಾಳಿ ಕಡಿಯೋ ಸಹಜ ಘೂಂ ಅನ್ನೋ ಸದ್ದು, ಅದಕ್ಕೆ ತಲೆ ಕೆಡಿಸ್ಕೋಬೇಡಿ. ಫ್ಯಾನನ್ನ ಸೀದಾ ಇಂಜಿನ್ ಶಾಫ್ಟಿಗೇ ಹಾಕಿರೋ ಮಾಡೆಲ್ ಆದ್ರೆ ಈ ಟೆಸ್ಟ್ ಮಾಡಕ್ಕಾಗಲ್ಲ, ಫ್ಯಾನ್ ಬಿಚ್ಚೇ ನೋಡ್ಬೇಕು.

ಇನ್ನೊಂದು, ಬೆಲ್ಟ್ ವಾಪಸ್ ಹಾಕಿ ಓಡಿಸ್ತಾ ಪೈಪಿನ ಬಾಯಿಗೆ ಒಂದು ಹಲಗೆ ಅಡ್ಡ ಇಟ್ಟು ನೋಡಿ. ಬಾಯಿ ಮುಚ್ಚಿದ್ರೆ ಫ್ಯಾನಿಗೆ ಕಷ್ಟ ಆಗಿ ಇಂಜಿನ್ ಎಳೆಯುತ್ತೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಉಲ್ಟಾ. ಗಾಳಿ ಹೋಗ್ದಿದ್ರೆ ಫ್ಯಾನಿಗೆ ಕೆಲಸನೇ ಇಲ್ಲ, ಇಂಜಿನ್ ಹಗುರ ಆಗುತ್ತೆ, ಮನೆಯ ವ್ಯಾಕ್ಯೂಮ್ ಕ್ಲೀನರ್ ಪೈಪಿಗೆ ಅಂಗೈ ಇಟ್ರೆ ಕೀಂ ಅಂತ ಸ್ವರ ಏರುತ್ತಲ್ಲ ಅದೇ. ಹಾಗಾಗಿ ಕೆಲಸ ಮಾಡ್ತಾ ಮಾಡ್ತಾ ಇದ್ದಕ್ಕಿದ್ದಂಗೆ ಸ್ವರ ಏರಿ ಎಳೆಯೋದು ಕಮ್ಮಿ ಆದ್ರೆ ಅದು ಇಂಜಿನ್ ಕಾಯಿಲೆ ಅಲ್ಲ, ಪೈಪಲ್ಲೆಲ್ಲೋ ಹುಲ್ಲಿನ ಉಂಡೆ ಸಿಕ್ಕಾಕ್ಕೊಂಡಿದೆ ಇಲ್ಲಾ ಡಬ್ಬದ ಗಾಳಿ ಹೋಗೋ ಜಾಲರಿ ಕಟ್ಕೊಂಡಿದೆ.

ಫ್ಯಾನ್ ಕಡೆ ಅಂತ ಗೊತ್ತಾದ್ರೆ

ಬೆಲ್ಟ್ ಬಿಚ್ಚಿದ್ದಾಗ್ಲೇ ಫ್ಯಾನನ್ನ ಕೈಯಿಂದ ತಿರುಗಿಸಿ ಬಿಡಿ. ತಟ್ಟೆ ಅಂಚಿಗೆ ಒಂದು ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೆಲ್ಲಗೆ ತಿರುಗಿಸಿ, ಎಲ್ಲಿ ನಿಲ್ಲುತ್ತೆ ನೋಡಿ, ಹಿಂಗೆ ಎಂಟು ಹತ್ತು ಸಲ. ಬ್ಯಾಲೆನ್ಸ್ ಸರಿ ಇದ್ರೆ ಗುರುತು ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತೆ. ನಂದು ಎಂಟಕ್ಕೆ ಏಳು ಸಲ ಗಡಿಯಾರದಲ್ಲಿ ಐದು ಗಂಟೆ ಇರೋ ಜಾಗಕ್ಕೇ ಬಂದು ನಿಲ್ತಿತ್ತು, ಅಷ್ಟೇ ಅಲ್ಲ ನಿಲ್ಲೋಕೆ ಮುಂಚೆ ಒಂಚೂರು ಹಿಂದಕ್ಕೆ ತೂಗಾಡ್ತಿತ್ತು ಉಯ್ಯಾಲೆ ತರ. ಕೆಳಗೆ ಬಂದು ನಿಲ್ಲೋ ಕಡೆ ಭಾರ ಜಾಸ್ತಿ ಅಂತ ಅರ್ಥ. ಈ ಟೆಸ್ಟಿಗೆ ಒಂದು ರೂಪಾಯಿ ಖರ್ಚಿಲ್ಲ, ನಾನು ಮೊದಲ ಶನಿವಾರನೇ ಮಾಡಿದ್ರೆ ನಾಲ್ಕು ಬೇರಿಂಗ್ ಉಳೀತಿತ್ತು. ಒಂದೇ ಕಂಡೀಶನ್, ಬೇರಿಂಗ್ ಪೂರ್ತಿ ಕೆಟ್ಟು ಬಿಗಿಯಾಗಿದ್ರೆ ಈ ಟೆಸ್ಟ್ ಸುಳ್ಳು ಹೇಳುತ್ತೆ, ಫ್ಯಾನ್ ಎಲ್ಲಂದ್ರಲ್ಲಿ ನಿಂತುಬಿಡುತ್ತೆ.

ಕೆರೆದು ಕ್ಲೀನ್ ಮಾಡಿದ್ಮೇಲೂ ಗುರುತು ಒಂದೇ ಕಡೆ ಬಂದ್ರೆ ಬ್ಲೇಡ್ ಅಂಚು ನೋಡಿ. ಈ ಕಡೆ ನೆಲ ಸೀಮೆಸುಣ್ಣದ ಕಲ್ಲಿನ ಗುಡ್ಡ, ಅದ್ರಲ್ಲಿ ತುಂಬಾ ಚಕಮಕಿ ಕಲ್ಲು, ಮೊಟ್ಟೆ ಗಾತ್ರದವು ಹುಲ್ಲಲ್ಲಿ ಕಾಣಲ್ಲ, ಪೈಪಲ್ಲಿ ಹೋಗಿ ಫ್ಯಾನಿಗೆ ಬಡಿದ್ರೆ ಟಕಾರ್ ಅಂತ ಗುಂಡು ಹಾರಿದಂಗೆ ಸದ್ದು ಬರುತ್ತೆ, ಒಂದ್ಸಲ ಬಂದು ನಿಂತ್ರೆ ಕಲ್ಲು ದಾಟ್ಕೊಂಡು ಹೋಯ್ತು ಅಂತ. ಆದ್ರೆ ಹೋಗ್ತಾ ಬ್ಲೇಡಿನ ಚೂರೊಂದನ್ನ ಕಿತ್ಕೊಂಡು ಹೋಗಿರಬೋದು. ಬ್ಲೇಡ್ ಬುಡದ ವೆಲ್ಡಲ್ಲಿ ಕೂದಲೆಳೆ ಬಿರುಕೇನಾದ್ರೂ ಕಂಡ್ರೆ ಮಷೀನ್ ಅಲ್ಲೇ ನಿಲ್ಸಿ, ಮತ್ತೆ ಸ್ಟಾರ್ಟ್ ಮಾಡ್ಬೇಡಿ, ಆ ಸ್ಪೀಡಲ್ಲಿ ಬ್ಲೇಡ್ ಕಿತ್ಕೊಂಡು ಬಂದ್ರೆ ತಗಡಿನ ಕವರು ತಡೆಯುತ್ತೆ ಅಂತ ನಂಬ್ಕೊಳ್ಳೋಕಾಗಲ್ಲ. ಇದು ಮನೇಲಿ ವೆಲ್ಡ್ ಮಾಡಿ ರಿಪೇರಿ ಮಾಡೋ ಐಟಂ ಅಲ್ಲ.

ಇಂಜಿನ್ ಆಫ್ ಮಾಡಿ ಫ್ಯಾನ್ ನಿಧಾನ ಆಗೋವಾಗ, ಅದು ಒಂದೊಂದು ಸುತ್ತು ಬಂದಾಗ್ಲೂ ಒಂದೊಂದು ಸಲ ಟಕ್, ಟಕ್, ಟಕ್ ಅಂತ ಲೆಕ್ಕಕ್ಕೆ ಬರ್ತಿದ್ರೆ ಫ್ಯಾನ್ ಕವರಿಗೆ ತಾಗ್ತಾ ಇದೆ, ಒಳಗೆ ಹೊಳೆಯೋ ಗೀರು ಹುಡುಕಿ. ಸ್ಟಾರ್ಟ್ ಮಾಡೋವಾಗ ನಿಲ್ಸೋವಾಗ ಮಾತ್ರ ಟಣ್ ಅಂದ್ರೆ ಪುಲ್ಲಿ ಇಲ್ಲಾ ಫ್ಯಾನಿನ ಕೀ (ಶಾಫ್ಟ್ ಮೇಲೆ ಜಾರದಂಗೆ ಹಿಡಿಯೋ ಲೋಹದ ತುಂಡು) ಸವೆದಿದೆ, ಶಾಫ್ಟನ್ನ ಕೈಯಲ್ಲಿ ಹಿಡ್ಕೊಂಡು ಫ್ಯಾನನ್ನ ಹಿಂದೆ ಮುಂದೆ ಅಲ್ಲಾಡಿಸಿದ್ರೆ ಆಟ ಗೊತ್ತಾಗುತ್ತೆ.

ಇನ್ನು ನಿಜವಾಗ್ಲೂ ಬೇರಿಂಗೇ ಹೋಗಿದ್ರೆ, ಹಾಕಿ, ಆದ್ರೆ ಎರಡೂ ಕಡೆ ರಬ್ಬರ್ ಸೀಲ್ ಇರೋದು ಹಾಕಿ, ನಂಬರ್ ಕೊನೇಲಿ 2ಆರ್‌ಎಸ್ ಅಂತಿರುತ್ತೆ. ಬರೀ ತಗಡಿನ ಮುಚ್ಚಳದ್ದು ಝಡ್‌ಝಡ್ ಅಂತ ಬರುತ್ತೆ, ಅದ್ರಲ್ಲಿ ಸಣ್ಣ ಸಂದು ಇರುತ್ತೆ, ಲದ್ದಿ ಧೂಳು ತೇವ ಎರಡೂ ನುಗ್ಗುತ್ತೆ. ಬೇರಿಂಗನ್ನ ಸುತ್ತಿಗೇಲಿ ಹೊಡೆದು ಶಾಫ್ಟಿಗೆ ಕೂರಿಸೋವಾಗ ಒಳಗಿನ ರಿಂಗಿಗೆ ಹೊಡೀರಿ, ಹೊರಗಿನ ರಿಂಗಿಗೆ ಹೊಡೆದು ಶಾಫ್ಟಿಗೆ ಕೂರಿಸಿದ್ರೆ ಹೊಸ ಬೇರಿಂಗಲ್ಲೇ ಗುಂಡು ತಾಗಿ ಹಳ್ಳ ಬಿದ್ದು ಮೊದಲ ದಿನದಿಂದಲೇ ಗೊರಗೊರ. ಗ್ರೀಸ್ ನಿಪ್ಪಲ್ ಇರೋ ಮಾಡೆಲ್ ಆದ್ರೆ ಗನ್ ಹಿಡಿದು ಸೀಲ್ ಕಿತ್ತು ಬರೋಷ್ಟು ತುಂಬ್ಬೇಡಿ, ಜಾಸ್ತಿ ಗ್ರೀಸಿಗೂ ಬೇರಿಂಗ್ ಬಿಸಿ ಆಗುತ್ತೆ. ಅರ್ಧ ಗಂಟೆ ಓಡಿಸಿ ಬೇರಿಂಗ್ ಮನೆ ಮೇಲೆ ಕೈ ಇಡಿ, ಬೆಚ್ಚಗಿದ್ರೆ ಸರಿ, ಇಟ್ಟ ಕೈ ತಕ್ಷಣ ಎಳ್ಕೊಳ್ಳೋ ಹಂಗಿದ್ರೆ ಏನೋ ಎಡವಟ್ಟು.

ಬೆಲ್ಟ್

ಕಿರ್ರ್ ಅಂತ ಕಿರುಚೋದು, ಮುಖ್ಯವಾಗಿ ಸ್ಟಾರ್ಟ್ ಆದಾಗ, ಒಮ್ಮೆಲೆ ಜಾಸ್ತಿ ಲದ್ದಿ ಎಳ್ಕೊಂಡಾಗ. ಸ್ಪ್ರೇ ಬಾಟಲಲ್ಲಿ ನೀರು ತಗೊಂಡು ದೂರದಿಂದ ಓಡೋ ಬೆಲ್ಟ್ ಮೇಲೆ ಒಂಚೂರು ಚಿಮುಕಿಸಿ. ಸದ್ದು ಸ್ವಲ್ಪ ಹೊತ್ತು ನಿಂತು ಮತ್ತೆ ಬಂದ್ರೆ ಪುಲ್ಲಿ ಸೊಟ್ಟ ಇದಾವೆ, ಉದ್ದದ ಸ್ಕೇಲ್ ಇಟ್ಟು ಎರಡು ಪುಲ್ಲಿ ಮುಖನೂ ಒಂದೇ ಲೈನಲ್ಲಿದೆಯಾ ನೋಡಿ. ನೀರು ಬಿದ್ದ ತಕ್ಷಣ ಸದ್ದು ಇನ್ನೂ ಜಾಸ್ತಿ ಆದ್ರೆ ಬೆಲ್ಟ್ ಸಡಿಲ. ಎಷ್ಟು ಬಿಗಿ ಅಂದ್ರೆ ಎರಡು ಪುಲ್ಲಿ ಮಧ್ಯೆ ಅರ್ಧ ಮೀಟರ್ ಇದ್ರೆ ನಡುವೆ ಒತ್ತಿದಾಗ 8 ಎಂಎಂ ಆಸುಪಾಸು ತಗ್ಬೇಕು. ಕಿರುಚುತ್ತೆ ಅಂತ ಸಿಟ್ಟಿಗೆ ವೀಣೆ ತಂತಿ ತರ ಬಿಗಿದುಬಿಟ್ರೆ ಬೆಲ್ಟ್ ಸುಮ್ನಾಗುತ್ತೆ, ಬೇರಿಂಗ್ ಅಳೋಕೆ ಶುರು ಮಾಡುತ್ತೆ. ಎರಡು ಬೆಲ್ಟಿದ್ರೆ ಒಂದೇ ಬದಲಾಯಿಸ್ಬೇಡಿ, ಹೊಸದೇ ಎಲ್ಲಾ ಭಾರ ಹೊರುತ್ತೆ, ಜೋಡಿನೇ ಹಾಕಿ. ಬೆಲ್ಟ್ ಮೇಲೆ ಸ್ಪ್ರೇ ಎಣ್ಣೆ ಹೊಡೆಯೋರು ಇದಾರೆ, ಅವರಿಗೆ ನಮಸ್ಕಾರ.

ಇಂಜಿನ್ ಕಡೆ

ಏರೋದು ಇಳಿಯೋದು, ವ್ರೂಂ... ವ್ರೂಂ... ಅಂತ ಉಸಿರು ಬಿಡೋ ತರ ಸದ್ದು. ಇದನ್ನ ಯಾರೂ ಸದ್ದಿನ ದೋಷ ಅಂತ ಲೆಕ್ಕಕ್ಕೆ ತಗೊಳ್ಳಲ್ಲ, ಆದ್ರೆ ಪಕ್ಕದ ಮನೆಯೋರಿಗೆ ಅತಿ ಹೆಚ್ಚು ತಲೆನೋವು ಇದೇನೇ, ಒಂದೇ ಸಮ ಇರೋ ಸದ್ದನ್ನ ಕಿವಿ ಮರೆಯುತ್ತೆ, ಏರಿಳಿಯೋದನ್ನ ಮರೆಯಲ್ಲ. ಚೋಕ್ ಅರ್ಧ ಎಳೀರಿ. ಸದ್ದು ಸಮ ಆದ್ರೆ ಪೆಟ್ರೋಲ್ ಸಾಲ್ತಾ ಇಲ್ಲ, ಕಾರ್ಬ್ಯುರೇಟರ್ ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತು) ಕಟ್ಕೊಂಡಿದೆ ಇಲ್ಲಾ ಎಲ್ಲಿಂದಲೋ ಗಾಳಿ ಎಳ್ಕೊಳ್ತಿದೆ. ಇಲ್ಲಿ 2021ರ ಸೆಪ್ಟೆಂಬರಿಂದ ಬಂಕಲ್ಲಿ ಮಾಮೂಲಿ ಪೆಟ್ರೋಲ್ ಅಂದ್ರೆ ಇ10, ಅದ್ರಲ್ಲಿರೋ ಎಥನಾಲ್ ನೀರು ಹೀರುತ್ತೆ, ನವೆಂಬರಲ್ಲಿ ನಿಲ್ಸಿ ಮಾರ್ಚಲ್ಲಿ ತೆಗೆದ್ರೆ ಜೆಟ್ ಒಳಗೆ ಗೋಂದು. ಊರಲ್ಲಿ ಈಗ ಇ20, ಅಲ್ಲೂ ಪಂಪ್‌ಸೆಟ್ ಇಂಜಿನ್, ಹುಲ್ಲು ಕೊಯ್ಯೋ ಮಷೀನ್ ಇಟ್ಕೊಂಡೋರು ಇದೇ ಪೆಟ್ಟು ತಿನ್ನೋದು. ತಿಂಗಳುಗಟ್ಟಲೆ ನಿಲ್ಸೋದಿದ್ರೆ ಟ್ಯಾಂಕ್ ಖಾಲಿ ಮಾಡಿ ಇಂಜಿನ್ ತಾನಾಗೇ ನಿಲ್ಲೋವರೆಗೂ ಓಡಿಸಿ ಇಡಿ.

ಫಟ್ ಫಟ್ ಅಂತ ಚಪ್ಪಾಳೆ ತರ ಸದ್ದು ಜಾಸ್ತಿ ಆಗಿದ್ರೆ ಸೈಲೆನ್ಸರ್ ಜಾಯಿಂಟ್ ನೋಡಿ, ಹೊಗೆ ಸೋರೋ ಕಡೆ ಕಪ್ಪು ಮಸಿ ಬಾಲ ಬಿಟ್ಟಂಗೆ ಹಿಡಿದಿರುತ್ತೆ, ಗ್ಯಾಸ್ಕೆಟ್ ಹಾಕಿ ನಟ್ಟು ಬಿಗೀರಿ. ಮೇಲ್ಗಡೆ ಟಿಕ್ ಟಿಕ್ ಟಿಕ್ ಅಂತ ಹೊಲಿಗೆ ಮಷೀನ್ ತರ ಬಂದ್ರೆ ವಾಲ್ವ್ ಸಂದು ಜಾಸ್ತಿ ಆಗಿದೆ, ಮ್ಯಾನ್ಯುಯಲಲ್ಲಿ ಅಳತೆ ಇರುತ್ತೆ, ಇಂಜಿನ್ ತಣ್ಣಗಿರೋವಾಗ ಸೆಟ್ ಮಾಡಿ. ಕೆಳಗಿಂದ ಡಬ್ ಡಬ್ ಅಂತ ಭಾರವಾಗಿ ಕುಟ್ಟಿದಂಗೆ ಬಂದ್ರೆ ತಕ್ಷಣ ಆಫ್ ಮಾಡಿ ಆಯಿಲ್ ನೋಡಿ. ಇಳಿಜಾರು ಹೊಲದಲ್ಲಿ ಅಡ್ಡ ನಿಲ್ಸಿ ಗಂಟೆಗಟ್ಟಲೆ ಓಡಿಸಿದ್ರೆ ಆಯಿಲ್ ಒಂದು ಕಡೆ ಸೇರಿ ಇನ್ನೊಂದು ಕಡೆ ಒಣಗುತ್ತೆ, ಆಯಿಲ್ ಲೆವೆಲ್ಲು ಸರಿನೇ ಇರುತ್ತೆ, ಇಂಜಿನ್ ಹೋಗಿರುತ್ತೆ. ಈ ಒಂದು ಸದ್ದಿಗೆ ಮಾತ್ರ ಇನ್ನೊಂದ್ಸಲ ಓಡಿಸಿ ನೋಡೋಣ ಅನ್ನೋದು ಬೇಡ.

ಸೀಟಿ ಹೊಡೆದಂಗೆ ಬಂದ್ರೆ ಗಾಳಿ ಸೋರಿಕೆ, ಪೈಪ್ ಕ್ಲಿಪ್ಪು, ಡಬ್ಬದ ಮುಚ್ಚಳದ ರಬ್ಬರು, ಪೈಪ್ ಬಗ್ಗೋ ಕಡೆ ಒಳಗೆ ಸವೆದು ಸೀಳು. ಪೈಪಿನ ಜಾಯಿಂಟುಗಳ ಸುತ್ತ ಅಂಗೈ ಸವರ್ತಾ ಹೋಗಿ, ಫ್ಯಾನ್ ಬಾಯಿ ಹತ್ರ ಮಾತ್ರ ಬೇಡ.

ಬ್ರಶ್ಶಿನ ಮಷೀನ್ ಇರೋರಿಗೆ

ಎಳೆದಾಗ ಚಕ್ರದಿಂದಲೇ ಬ್ರಶ್ ತಿರುಗಿ ಲದ್ದಿ ಹಿಂದಕ್ಕೆ ಎಸೆಯೋ ಟೈಪು ಇರುತ್ತೆ, ಇಂಜಿನ್ ಇಲ್ಲ, ಸದ್ದೂ ಕಮ್ಮಿ. ಅದ್ರಲ್ಲಿ ಟಕ ಟಕ ಬಂದ್ರೆ ಚೈನ್ ಹಲ್ಲು ಹಾರ್ತಿದೆ, ಚೈನ್ ಜೋತು ಬಿದ್ದಿದೆ ಇಲ್ಲಾ ಒಂದು ಕೊಂಡಿ ತುಕ್ಕು ಹಿಡಿದು ಬಗ್ತಾ ಇಲ್ಲ. ಪರಪರ ಅಂತ ಜೋರಾಗಿ ಉಜ್ಜಿದ್ರೆ ಬ್ರಶ್ ನೆಲಕ್ಕೆ ಜಾಸ್ತಿ ಇಳಿಸಿದೀರ, ತುದಿ ಮಾತ್ರ ಹುಲ್ಲು ಸವರ್ಬೇಕು. ಎಲ್ಲಕ್ಕಿಂತ ದೊಡ್ಡ ಶತ್ರು ಒಣ ಹುಲ್ಲಿನ ಪೆಂಡಿಗೆ ಕಟ್ಟೋ ಪ್ಲಾಸ್ಟಿಕ್ ದಾರ, ಶಾಫ್ಟಿಗೆ ಸುತ್ಕೊಂಡು ಬೇರಿಂಗ್ ಸೀಲ್ ಹತ್ರ ಹೋಗಿ ಬಿಸಿಗೆ ಕರಗಿ ಗಟ್ಟಿ ಬಳೆ ತರ ಕೂತುಬಿಡುತ್ತೆ, ಹೊರಗಿಂದ ನೋಡಿದ್ರೆ ಮಷೀನಿನ ಪಾರ್ಟೇನೋ ಅನ್ಬೇಕು ಹಂಗಿರುತ್ತೆ. ಕಟರ್ ಬ್ಲೇಡಲ್ಲಿ ಕುಯ್ದು ತೆಗೀಬೇಕು. ಫ್ಯಾನಿನ ಮಷೀನಲ್ಲೂ ಇದೇ ಕಾಟ.

ದೋಷ ಇಲ್ದೆ ಇರೋ ಸದ್ದು

ಎಲ್ಲಾ ಸರಿ ಮಾಡಿದ್ಮೇಲೂ ಇದು ಜೋರಾಗೇ ಇರುತ್ತೆ. ಎರಡು ಮೀಟರ್ ದೂರ ಇರೋರ ಜೊತೆ ಕಿರುಚಿ ಮಾತಾಡ್ಬೇಕು ಅಂದ್ರೆ ಅಂದಾಜು 85 ಡೆಸಿಬೆಲ್, ಒಂದು ಮೀಟರಲ್ಲೇ ಕಿರುಚ್ಬೇಕಾದ್ರೆ 90. ಇಲ್ಲಿ 2005ರ ನಾಯ್ಸ್ ಕಾನೂನು ಪ್ರಕಾರ ದಿನದ ಸರಾಸರಿ 80 ದಾಟಿದ್ರೆ ಕೆಲಸಗಾರರು ಕೇಳಿದಾಗ ಮಫ್ ಕೊಡ್ಬೇಕು, 85 ಮುಟ್ಟಿದ್ರೆ ಹಾಕ್ಕೊಳ್ಳೋದು ಕಡ್ಡಾಯ. ಮೂರು ಡೆಸಿಬೆಲ್ ಏರಿದ್ರೆ ಕೇಳಬೋದಾದ ಹೊತ್ತು ಅರ್ಧ ಆಗುತ್ತೆ, ಹಾಗಾಗಿ ಸಣ್ಣ ಗ್ಯಾಸ್ಕೆಟ್ ಹೋದ್ರೂ ಕಿವಿಗೆ ಲೆಕ್ಕ ಬದಲಾಗುತ್ತೆ. ಇಂಜಿನ್ ಕೆಳಗಿನ ರಬ್ಬರ್ ಬುಶ್ ಗಟ್ಟಿಯಾಗಿದ್ರೆ ಹೊಸದು ಹಾಕಿ, ಡಬ್ಬದ ತಗಡು ತಮಟೆ ತರ ಬಡ್ಕೊಳ್ಳೋದು ಅರ್ಧಕ್ಕರ್ಧ ಇಳಿಯುತ್ತೆ. ಕೆಲಸ ಶುರು ಮಾಡೋಕೆ ಮುಂಚೆ ಕುದುರೆಗಳನ್ನ ಪಕ್ಕದ ಪ್ಯಾಡಕ್ಕಿಗೆ (ಬೇಲಿ ಹಾಕಿದ ಹುಲ್ಲುಗಾವಲು) ಬಿಡಿ. ನಮ್ಮ ಕಿವಿ 20,000 ಹರ್ಟ್ಸ್‌ಗೆ ಮುಗೀತು, ಕುದುರೆಗೆ 33,000ದವರೆಗೂ ಕೇಳುತ್ತೆ. ಎರಡನೇ ಬೇರಿಂಗ್ ಕೆಡೋಕೆ ಒಂದು ವಾರ ಮುಂಚೆನೇ ಮಗಳ ಪೋನಿ ಆ ಮಷೀನ್ ಬಂದ್ರೆ ಕಿವಿ ಹಿಂದಕ್ಕೆ ಒತ್ಕೊಂಡು ಬೇಲಿ ಮೂಲೆಗೆ ಹೋಗಿ ನಿಲ್ತಿತ್ತು, ನಾನು ನೊಣ ಕಚ್ಚಿರ್ಬೇಕು ಅಂದ್ಕೊಂಡೆ.

ಈಗ ನಾನು ಮಾಡೋದು ಇಷ್ಟು, ಕೆಲಸ ಮುಗಿದ್ಮೇಲೆ ಎರಡು ನಿಮಿಷ ಖಾಲಿ ಗಾಳಿ ಎಳೆಸ್ತೀನಿ, ಕೊನೇಲಿ ಎರಡು ಹಿಡಿ ಒಣ ಹುಲ್ಲು ಪೈಪಿಗೆ ಕೊಡ್ತೀನಿ, ಅದು ಒಳಗಿನ ಒದ್ದೆನ ಒರೆಸ್ಕೊಂಡು ಹೋಗುತ್ತೆ. ಮಳೆಗಾಲದಲ್ಲಿ ತಿಂಗಳಿಗೊಂದ್ಸಲ ಹಿಂದಿನ ಕವರ್ ಬಿಚ್ಚಿ ತಟ್ಟೆ ಬೆನ್ನು ನೋಡ್ತೀನಿ. ಪ್ರೆಶರ್ ವಾಷರ್ ಬೇರಿಂಗ್ ಕಡೆ ತಿರುಗಿಸಲ್ಲ. ಮೂರನೇ ಜೋಡಿ ಬೇರಿಂಗ್ ಹಾಕಿ ಏಳು ತಿಂಗಳಾಯ್ತು, ಮೊನ್ನೆ ಮತ್ತೆ ರೆಕಾರ್ಡ್ ಮಾಡಿ ಮಾವನಿಗೆ ಕಳಿಸ್ದೆ, ಕೇಳಿಸ್ಕೊಂಡು ಹೇಳ್ದ, "ಫ್ಯಾನ್ ಸರಿಗೈತೆ ಬಿಡು, ಅದೇನ್ಲಾ ಹಿಂದ್ಗಡೆ ತಗಡು ಬಡ್ಕೊಂತಾ ಐತೆ?" ಬಾಗಿಲ ಚಿಲಕ. ಅದನ್ನ ಹುಲ್ಲು ಕಟ್ಟೋ ದಾರದಲ್ಲೇ ಬಿಗಿದು ಕಟ್ಟಿದೀನಿ ಸದ್ಯಕ್ಕೆ.